ಹೆಡ್ ಫೇಸಿಂಗ್ ಆಯಿತು, ಕ್ಯಾಮ್ ಬದಲಾಯಿತು: ಒಳಗಿನ ಸಂದು ಎಷ್ಟು ಉಳಿಯಿತು?

ಪ್ರಶ್ನೆ: ನನ್ನದು 16 ವಾಲ್ವಿನ ಜಿಪ್ಸಿ. ಕಾಫಿ ಕೊಯ್ಲು ಮುಗಿದ ಮೇಲೆ ಆಟೋಕ್ರಾಸ್‌ಗೆ (ಮಣ್ಣಿನ ಟ್ರ್ಯಾಕಿನ ರೇಸಿಗೆ) ಇಳಿಸಬೇಕೆಂದಿದ್ದೇನೆ. ಹೆಡ್ಡನ್ನು ಅರ್ಧ ಮಿ.ಮೀ. ಫೇಸಿಂಗ್ ಮಾಡಿಸಿ (ತಳವನ್ನು ಅಷ್ಟು ಸವೆಸಿ), ಲಿಫ್ಟ್ (ವಾಲ್ವ್ ತೆರೆಯುವ ದೂರ) ಹೆಚ್ಚು ಬರುವಂತೆ ಕ್ಯಾಮ್‌ಶಾಫ್ಟ್ ಗ್ರೈಂಡ್ ಮಾಡಿಸಿದ್ದೇನೆ. ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿದರೆ ಎಲ್ಲೂ ತಾಗುತ್ತಿಲ್ಲ. ಸ್ಟಾರ್ಟ್ ಮಾಡಬಹುದೇ?
— ಓದುಗರು, ಪೊನ್ನಂಪೇಟೆ

ಉತ್ತರ: ಈಗಲೇ ಬೇಡ. ಕೈಯಲ್ಲಿ ತಿರುಗಿಸಿದಾಗ ತಾಗಲಿಲ್ಲ ಎಂದರೆ ವಾಲ್ವ್‌ಗೂ ಪಿಸ್ಟನ್‌ಗೂ ನಡುವೆ ಏನೋ ಒಂದಿಷ್ಟು ಸಂದು ಇದೆ ಎಂದಷ್ಟೇ ಗೊತ್ತಾಯಿತು. ಅದು 0.2 ಮಿ.ಮೀ. ಆಗಿದ್ದರೂ ಕೈಗೆ ತಿಳಿಯುವುದಿಲ್ಲ. ಎಂಜಿನ್ 6,500 ಆರ್‌ಪಿಎಂ ಮುಟ್ಟಿದಾಗ ಕನೆಕ್ಟಿಂಗ್ ರಾಡ್ ಕೂದಲೆಳೆಯಷ್ಟು ಹಿಗ್ಗುತ್ತದೆ, ಬೇರಿಂಗಿನ ಸಂದಿನಷ್ಟು ಪಿಸ್ಟನ್ ಇನ್ನೂ ಮೇಲೇರುತ್ತದೆ, ಬಿಸಿಗೆ ವಾಲ್ವ್ ಉದ್ದವಾಗುತ್ತದೆ. ಇಷ್ಟಕ್ಕೂ ಜಾಗ ಬಿಡಬೇಕು. ಅದಕ್ಕೇ ಇನ್‌ಟೇಕ್ ವಾಲ್ವ್‌ಗೆ ಕನಿಷ್ಠ 2 ಮಿ.ಮೀ., ಎಕ್ಸಾಸ್ಟ್‌ಗೆ 2.5 ಮಿ.ಮೀ. ಎಂಬ ಲೆಕ್ಕ ಇಟ್ಟುಕೊಳ್ಳುವುದು. ಎಕ್ಸಾಸ್ಟ್ ವಾಲ್ವ್ ಹೆಚ್ಚು ಕಾಯುತ್ತದೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಬೇರೆ: ಅದು ಮುಚ್ಚಿಕೊಳ್ಳುತ್ತಿರುವಾಗ ಪಿಸ್ಟನ್ ಮೇಲಕ್ಕೆ ಅಟ್ಟಿಸಿಕೊಂಡು ಬರುತ್ತಿರುತ್ತದೆ. ಸ್ಪ್ರಿಂಗ್ ಸ್ವಲ್ಪ ಸೋತು ವಾಲ್ವ್ ತಡವಾದರೂ ಪಿಸ್ಟನ್ ಬಂದು ಗುದ್ದುತ್ತದೆ.

ನಿಮ್ಮ ಎಂಜಿನ್‌ನಲ್ಲಿ ಈ ಸಂದನ್ನು ಎರಡಲ್ಲ, ಮೂರು ಸಂಗತಿಗಳು ತಿಂದಿವೆ. ಅರ್ಧ ಮಿ.ಮೀ. ಫೇಸಿಂಗ್ ಹೆಚ್ಚುಕಡಿಮೆ ಅಷ್ಟನ್ನೇ ತೆಗೆದಿದೆ. ಹೊಸ ಕ್ಯಾಮ್, ಪಿಸ್ಟನ್ ಮೇಲಿರುವ ಹೊತ್ತಿನಲ್ಲೇ ವಾಲ್ವನ್ನು ಮೊದಲಿಗಿಂತ ಹೆಚ್ಚು ತೆರೆದಿಡುತ್ತದೆ. ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಹೆಡ್ ಕೆಳಗಿಳಿದಾಗ ಕ್ಯಾಮ್ ಪುಲ್ಲಿ ಕ್ರ್ಯಾಂಕಿನ ಹತ್ತಿರ ಬರುತ್ತದೆ, ಟೈಮಿಂಗ್ ಬೆಲ್ಟಿನ ಬಿಗಿ ಬದಿ ಅಷ್ಟು ಉದ್ದವಾದಂತಾಗಿ ಕ್ಯಾಮ್ ಹಿಂದಕ್ಕೆ ಬೀಳುತ್ತದೆ. ಪುಲ್ಲಿಯ ತ್ರಿಜ್ಯ 50 ಮಿ.ಮೀ. ಎಂದಿಟ್ಟುಕೊಂಡರೆ ಅರ್ಧ ಮಿ.ಮೀ. ಫೇಸಿಂಗ್‌ಗೆ ಕ್ರ್ಯಾಂಕ್ ಲೆಕ್ಕದಲ್ಲಿ ಒಂದು ಡಿಗ್ರಿಗಿಂತ ತುಸು ಹೆಚ್ಚು. ಕ್ಯಾಮ್ ಹಿಂದೆ ಬಿದ್ದರೆ ಎಕ್ಸಾಸ್ಟ್ ಸಂದು ಕಡಿಮೆಯಾಗುತ್ತದೆ, ಮುಂದೆ ಹೋದರೆ ಇನ್‌ಟೇಕ್ ಸಂದು. ನಿಮ್ಮದರಲ್ಲಿ ಎರಡಕ್ಕೂ ಒಂದೇ ಕ್ಯಾಮ್ ಆದ್ದರಿಂದ ಒಂದನ್ನು ಉಳಿಸಲು ಹೋದರೆ ಇನ್ನೊಂದು ಕುಗ್ಗುತ್ತದೆ. ಹಾಗಾಗಿ ಮೊದಲು ಕ್ಯಾಮ್ ಟೈಮಿಂಗನ್ನು ಡಿಗ್ರಿ ಪ್ಲೇಟ್ (ಕ್ರ್ಯಾಂಕಿಗೆ ಕೂರಿಸುವ, ಡಿಗ್ರಿ ಗುರುತಿನ ತಟ್ಟೆ) ಇಟ್ಟು ಸರಿಪಡಿಸಿ, ಆಮೇಲೆ ಸಂದು ಅಳೆಯಿರಿ. ಹಿಂದುಮುಂದಾದರೆ ಅಳತೆಗೆ ಬೆಲೆಯಿಲ್ಲ.

ಅಳೆಯಲು ಮಕ್ಕಳು ಆಡುವ ಕ್ಲೇ ಸಾಕು. ಒಂದನೇ ಪಿಸ್ಟನ್ನಿನ ತಲೆಯನ್ನು ಪೆಟ್ರೋಲ್ ಬಟ್ಟೆಯಿಂದ ಒರೆಸಿ, ನಾಲ್ಕು ವಾಲ್ವ್ ಇಳಿಯುವ ಜಾಗಗಳಲ್ಲೂ 6–7 ಮಿ.ಮೀ. ದಪ್ಪ ಕ್ಲೇ ಒತ್ತಿ. ಮೇಲ್ಭಾಗಕ್ಕೂ ವಾಲ್ವ್ ಮುಖಕ್ಕೂ ಎಣ್ಣೆ ಸವರಿ, ಇಲ್ಲದಿದ್ದರೆ ಅಂಟಿಕೊಂಡು ಕಿತ್ತುಬರುತ್ತದೆ. ಹೊಸ ಗ್ಯಾಸ್ಕೆಟ್ ಇಲ್ಲಿ ಹಾಳುಮಾಡಬೇಡಿ. ಅದೇ ಜಾತಿಯ, ಒಮ್ಮೆ ಬಿಗಿದು ತೆಗೆದ ಹಳೆಯ ಗ್ಯಾಸ್ಕೆಟ್ ಒಳ್ಳೆಯದು, ಏಕೆಂದರೆ ಅದು ಒತ್ತಿಕೊಂಡ ದಪ್ಪಕ್ಕೆ ಬಂದಿರುತ್ತದೆ. ಹೆಡ್ ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲಿ ಪೂರ್ತಿ ಅಳತೆಗೆ ಬಿಗಿಯಿರಿ, ಬೆಲ್ಟ್ ಹಾಕಿ, ಟಪೆಟ್ (ರಾಕರ್‌ಗೂ ವಾಲ್ವ್‌ಗೂ ನಡುವಿನ ಸಂದು) ಸೆಟ್ ಮಾಡಿ, ಸ್ಪಾರ್ಕ್ ಪ್ಲಗ್ ನಾಲ್ಕನ್ನೂ ಬಿಚ್ಚಿಡಿ. ಎಂಜಿನ್ ಓಡುವ ದಿಕ್ಕಿನಲ್ಲೇ ಸ್ಪ್ಯಾನರಿನಿಂದ ಕ್ರ್ಯಾಂಕನ್ನು ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಿ. ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ, ಒತ್ತಾಯಿಸಿದರೆ ವಾಲ್ವ್ ಬಾಗುತ್ತದೆ. ಹೆಡ್ ಎತ್ತಿ, ಕ್ಲೇಯನ್ನು ಬ್ಲೇಡಿನಿಂದ ನಡುವೆ ಸೀಳಿ, ಅತಿ ತೆಳುವಾದ ಜಾಗವನ್ನು ವರ್ನಿಯರ್‌ನಿಂದ ಅಳೆಯಿರಿ. ವಾಲ್ವಿನ ಅಂಚು, ಅದಕ್ಕೆಂದೇ ಪಿಸ್ಟನ್ ತಲೆಯಲ್ಲಿರುವ ಗುಳಿಯ ಗೋಡೆಗೆ ಎಷ್ಟು ದೂರವಿದೆ ಎಂಬುದನ್ನೂ ಅದೇ ಕ್ಲೇ ತೋರಿಸುತ್ತದೆ, ಅಲ್ಲಿ 1.5 ಮಿ.ಮೀ. ಇರಲಿ. ಇಷ್ಟನ್ನೂ ನಾಲ್ಕನೇ ಸಿಲಿಂಡರಿನಲ್ಲಿ ಮತ್ತೊಮ್ಮೆ ಮಾಡಿ. ಫೇಸಿಂಗ್ ಓರೆಯಾಗಿದ್ದರೆ ಅಲ್ಲಿ ಗೊತ್ತಾಗುತ್ತದೆ.

ಕ್ಲೇ ಕೊಟ್ಟ ಅಂಕಿ ಅಂಚಿನಲ್ಲಿದ್ದರೆ, 2.1 ಅಥವಾ 2.6ರ ಹಾಗೆ, ಡಯಲ್ ಗೇಜ್‌ನಿಂದ ಖಚಿತಪಡಿಸಿಕೊಳ್ಳಿ. ಒಂದು ಇನ್‌ಟೇಕ್, ಒಂದು ಎಕ್ಸಾಸ್ಟ್ ವಾಲ್ವಿನ ಸ್ಪ್ರಿಂಗ್ ತೆಗೆದು ಬೆರಳಲ್ಲಿ ಒತ್ತಬಹುದಾದ ಮೆದು ಸ್ಪ್ರಿಂಗ್ ಹಾಕಿ. ಪಿಸ್ಟನ್ ಮೇಲ್ತುದಿಗೆ 20 ಡಿಗ್ರಿ ಮೊದಲಿನಿಂದ 20 ಡಿಗ್ರಿ ನಂತರದವರೆಗೆ ಎರಡೆರಡು ಡಿಗ್ರಿಗೆ ನಿಲ್ಲಿಸಿ, ವಾಲ್ವನ್ನು ಪಿಸ್ಟನ್ ತಾಗುವವರೆಗೆ ಒತ್ತಿ, ಎಷ್ಟು ಇಳಿಯಿತೆಂದು ಬರೆದುಕೊಳ್ಳಿ. ಸಾಮಾನ್ಯವಾಗಿ ಎಕ್ಸಾಸ್ಟ್‌ನ ಕಡಿಮೆ ಅಂಕಿ ಮೇಲ್ತುದಿಗೆ 10 ಡಿಗ್ರಿ ಮೊದಲು, ಇನ್‌ಟೇಕ್‌ನದು 10 ಡಿಗ್ರಿ ನಂತರ, ಅದರ ಆಸುಪಾಸಿನಲ್ಲಿ ಸಿಗುತ್ತದೆ. ಮೇಲ್ತುದಿಯಲ್ಲಿ ಮಾತ್ರ ಅಳೆದು ಬಿಟ್ಟರೆ ಮೋಸಹೋಗುತ್ತೀರಿ.

ಸಂದು ಸಾಲದಿದ್ದರೆ ದಪ್ಪ ಗ್ಯಾಸ್ಕೆಟ್ ಸುಲಭದ ದಾರಿ, ಆದರೆ ಫೇಸಿಂಗ್‌ನಿಂದ ಗಳಿಸಿದ ಕಂಪ್ರೆಷನ್ ಅಷ್ಟು ಹೋಗುತ್ತದೆ. ಪಿಸ್ಟನ್ ಗುಳಿಯನ್ನು ಆಳ ಮಾಡಿಸುವುದಾದರೆ ಕೆಳಗೆ ಕನಿಷ್ಠ 5 ಮಿ.ಮೀ. ಲೋಹ ಉಳಿಯಬೇಕು, ಕೊರೆಯುವ ಮೊದಲೇ ಪಿಸ್ಟನ್ ತಿರುವಿ ಒಳಗಿನಿಂದ ಅಳೆಯಿರಿ.

ಕ್ಯಾಮ್ ಗ್ರೈಂಡ್ ಮಾಡಿಸಿದ್ದೀರಿ ಎಂದ ಮೇಲೆ ಹೆಡ್ಡಿನ ಮೇಲ್ಭಾಗವನ್ನೂ ನೋಡಲೇಬೇಕು. ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗಿನ ಸುರುಳಿಗಳ ನಡುವಿನ ಸಂದುಗಳೆಲ್ಲ ಕೂಡಿ 1.5 ಮಿ.ಮೀ. ಆದರೂ ಇರಬೇಕು, ರಿಟೇನರಿನ (ಸ್ಪ್ರಿಂಗನ್ನು ಹಿಡಿದಿಡುವ ಬಿಲ್ಲೆಯ) ತಳಕ್ಕೂ ವಾಲ್ವ್ ಸೀಲ್‌ಗೂ ಅಷ್ಟೇ. ಗ್ರೈಂಡಿಂಗ್‌ನಲ್ಲಿ ಕ್ಯಾಮಿನ ಹಿಂಭಾಗ ತೆಳುವಾಗಿರುವುದರಿಂದ ರಾಕರ್ ಸ್ಕ್ರೂವನ್ನು ಹೆಚ್ಚು ಇಳಿಸಬೇಕಾಗುತ್ತದೆ, ಆಗ ರಾಕರ್ ವಾಲ್ವಿನ ತುದಿಯ ಮೇಲೆ ಕೂರುವ ಜಾಗ ಬದಲಾಗುತ್ತದೆ. ವಾಲ್ವ್ ತುದಿಗೆ ಮಾರ್ಕರ್ ಬಳಿದು ಕೆಲವು ಸುತ್ತು ತಿರುಗಿಸಿ. ಉಜ್ಜಿದ ಗುರುತು ನಡುವೆ ಇರಬೇಕು. ಅಂಚಿಗೆ ಸರಿದಿದ್ದರೆ ವಾಲ್ವ್ ಗೈಡ್ ಒಂದೇ ಪಕ್ಕಕ್ಕೆ ಬೇಗ ಸವೆಯುತ್ತದೆ.

ಪ್ರಶ್ನೆ: ಬೋರಿಂಗ್ ಮಾಡಿಸಿ (ಸಿಲಿಂಡರನ್ನು ಕೊರೆದು ಅಗಲಿಸಿ) ಓವರ್‌ಸೈಜ್ ಪಿಸ್ಟನ್ ಹಾಕಿಸುತ್ತಿದ್ದೇನೆ. ರಿಂಗ್ ಮತ್ತು ಬೇರಿಂಗ್ ಹೊಸ ಪ್ಯಾಕೆಟ್‌ನಿಂದಲೇ ತೆಗೆದವು. ಅವನ್ನೂ ಅಳೆಯಬೇಕೇ?
— ಓದುಗರು, ಸೋಮವಾರಪೇಟೆ

ಉತ್ತರ: ಅಳೆಯಬೇಕು. ಪ್ಯಾಕೆಟ್ ಮೇಲಿನ ಅಳತೆ ರಿಂಗಿನದು, ನಿಮ್ಮ ಬೋರಿನದಲ್ಲ. ಪ್ರತಿ ರಿಂಗನ್ನು ಅದು ಹೋಗುವ ಸಿಲಿಂಡರಿಗೇ ಹಾಕಿ, ಪಿಸ್ಟನ್ ತಲೆಕೆಳಗು ಮಾಡಿ 25 ಮಿ.ಮೀ. ಒಳಕ್ಕೆ ನೇರವಾಗಿ ತಳ್ಳಿ, ಬಾಯಿಯ ಸಂದಿಗೆ ಫೀಲರ್ ಗೇಜ್ ಹಾಕಿ. ಟರ್ಬೊ ಇಲ್ಲದ ಎಂಜಿನ್‌ನ ಮೇಲಿನ ರಿಂಗಿಗೆ ಬೋರಿನ ಪ್ರತಿ 25 ಮಿ.ಮೀ.ಗೆ 0.1 ಮಿ.ಮೀ. ಎಂಬುದು ಲೆಕ್ಕ: 75 ಮಿ.ಮೀ. ಬೋರಿಗೆ 0.30. ಟರ್ಬೊ ಹಾಕುವುದಾದರೆ 0.45ರವರೆಗೆ ಹೋಗಿ. ಸಂದು ಹೆಚ್ಚಾದರೆ ಸ್ವಲ್ಪ ಗ್ಯಾಸ್ ಸೋರುತ್ತದೆ, ಅಷ್ಟೇ. ಕಡಿಮೆಯಾದರೆ ಬಿಸಿಗೆ ತುದಿಗಳು ಒಂದಕ್ಕೊಂದು ಗುದ್ದಿ ಬೋರನ್ನು ಗೀರುತ್ತವೆ, ಪಿಸ್ಟನ್ನಿನ ರಿಂಗ್ ಪಟ್ಟಿಯನ್ನೇ ಒಡೆಯುತ್ತವೆ. ಅರದಿಂದ ಉಜ್ಜುವಾಗ ಒಂದೇ ತುದಿಯನ್ನು, ಹೊರಗಿನಿಂದ ಒಳಕ್ಕೆ ಉಜ್ಜಿ. ಒಳಗಿನಿಂದ ಹೊರಕ್ಕೆ ಎಳೆದರೆ ಮೇಲಿನ ಲೇಪ ಚಕ್ಕೆ ಏಳುತ್ತದೆ.

ಬೇರಿಂಗಿಗೆ ಪ್ಲಾಸ್ಟಿಗೇಜ್ ಬಳಸಿ; ಅದು ಎಷ್ಟು ಚಪ್ಪಟೆಯಾಯಿತೆಂಬುದರಿಂದ ಸಂದು ತಿಳಿಸುವ ಪ್ಲಾಸ್ಟಿಕ್ ಎಳೆ. ಶೆಲ್ಲನ್ನೂ (ಬೇರಿಂಗಿನ ಅರ್ಧಚಂದ್ರದ ತುಂಡು) ಜರ್ನಲನ್ನೂ (ಅದರೊಳಗೆ ತಿರುಗುವ ಕ್ರ್ಯಾಂಕಿನ ಭಾಗ) ಎಣ್ಣೆಯಿಲ್ಲದಂತೆ ಒರೆಸಿ, ಎಳೆಯನ್ನು ಜರ್ನಲಿನ ಉದ್ದಕ್ಕೆ ಇಟ್ಟು, ಕ್ಯಾಪನ್ನು ಪೂರ್ತಿ ಟಾರ್ಕಿಗೆ ಬಿಗಿದು ಬಿಚ್ಚಿ. ನಡುವೆ ಕ್ರ್ಯಾಂಕ್ ಒಂದಿಷ್ಟೂ ತಿರುಗಬಾರದು. ಜರ್ನಲಿನ ಪ್ರತಿ 25 ಮಿ.ಮೀ. ವ್ಯಾಸಕ್ಕೆ 0.025 ಮಿ.ಮೀ. ಸಂದು ಸರಿ, 42 ಮಿ.ಮೀ. ಜರ್ನಲ್ ಆದರೆ 0.04ರ ಸುಮಾರು. ಚಪ್ಪಟೆಯಾದ ಎಳೆ ಒಂದು ತುದಿಯಲ್ಲಿ ಅಗಲ, ಇನ್ನೊಂದರಲ್ಲಿ ಕಿರಿದಾಗಿದ್ದರೆ ಜರ್ನಲ್ ಇಳಿಜಾರಾಗಿದೆ. ಕ್ರ್ಯಾಂಕ್ ಮತ್ತೆ ಗ್ರೈಂಡಿಂಗ್‌ಗೆ ಹೋಗಬೇಕು.

ನಮ್ಮ ಮಳೆಗಾಲದಲ್ಲಿ ಇನ್ನೊಂದು ಎಚ್ಚರ. ಹೋನಿಂಗ್ (ಕಲ್ಲಿನಿಂದ ಉಜ್ಜಿ ನಯಗೊಳಿಸುವುದು) ಆದ ಬೋರನ್ನು ಸೋಪು ನೀರಿನಲ್ಲಿ ಬ್ರಶ್ ಹಾಕಿ ತೊಳೆದು, ಒರೆಸಿ, ಆ ಕ್ಷಣವೇ ಎಣ್ಣೆ ಬಳಿಯಿರಿ. ಜುಲೈ ತಿಂಗಳ ತೇವಕ್ಕೆ ಒಂದು ರಾತ್ರಿಯಲ್ಲೇ ಕಂದು ಬಣ್ಣ ಹಿಡಿಯುತ್ತದೆ, ಆ ತುಕ್ಕೇ ಹೊಸ ರಿಂಗನ್ನು ಉಜ್ಜುವ ಪುಡಿಯಾಗುತ್ತದೆ.

ಪ್ರಶ್ನೆ: ಆರ್‌ಎಕ್ಸ್ 100 ಬೈಕ್ ಮಡಿಕೇರಿ ಏರಿನಲ್ಲಿ ಎಳೆಯುವುದಿಲ್ಲ. ಹೆಡ್ಡನ್ನು 1 ಮಿ.ಮೀ. ಫೇಸಿಂಗ್ ಮಾಡಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ.
— ಓದುಗರು, ಮಡಿಕೇರಿ

ಉತ್ತರ: ಎಷ್ಟು ತೆಗೆಯಬಹುದು ಎಂಬುದನ್ನು ಪಿಸ್ಟನ್‌ಗೂ ಹೆಡ್ಡಿಗೂ ನಡುವೆ ಈಗಿರುವ ಸಂದೇ ಹೇಳಬೇಕು. 2 ಮಿ.ಮೀ. ದಪ್ಪದ ಮೆದು ಸಾಲ್ಡರ್ ತಂತಿಯ ಎರಡು ತುಂಡುಗಳನ್ನು ಪಿಸ್ಟನ್ನಿನ ಮೇಲೆ, ಗಜನ್ ಪಿನ್ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಪಿನ್) ಇರುವ ಸಾಲಿನಲ್ಲಿ ಎರಡೂ ಅಂಚಿಗೆ ಗ್ರೀಸಿನಿಂದ ಅಂಟಿಸಿ. ಬೇರೆ ಕಡೆ ಇಟ್ಟರೆ ಪಿಸ್ಟನ್ ವಾಲಿ ತಪ್ಪು ಅಳತೆ ಬರುತ್ತದೆ. ಹೆಡ್ ಬಿಗಿದು, ಒಮ್ಮೆ ಮೇಲ್ತುದಿ ದಾಟಿಸಿ, ಬಿಚ್ಚಿ, ನಜ್ಜಾದ ತುದಿಯನ್ನು ಅಳೆಯಿರಿ. 1.0 ಮಿ.ಮೀ. ಉಳಿಯುವಂತೆ ನೋಡಿಕೊಳ್ಳಿ, 0.8ಕ್ಕಿಂತ ಕೆಳಗೆ ಹೋಗಬೇಡಿ. ಅಳತೆ 1.4 ಬಂದರೆ ನಿಮಗೆ ತೆಗೆಯಲು ಇರುವುದು 0.4 ಮಾತ್ರ. 1 ಮಿ.ಮೀ. ತೆಗೆದರೆ ಪಿಸ್ಟನ್ ಹೆಡ್ಡಿಗೇ ಹೊಡೆಯಬಹುದು.

ಇನ್ನು ಎತ್ತರದ ಮಾತು. ಮಡಿಕೇರಿ ಸುಮಾರು 1,150 ಮೀಟರ್ ಮೇಲಿದೆ, ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ನೂರಕ್ಕೆ 12–13ರಷ್ಟು ಕಡಿಮೆ. ಇಲ್ಲಿ ಹೆಚ್ಚು ಕಂಪ್ರೆಷನ್ ತಡೆಯುವ ಎಂಜಿನ್, ಸಂಪಾಜೆ ಘಾಟಿ ಇಳಿದು ಮಂಗಳೂರಿನ ಸೆಕೆಗೆ ಹೋದಾಗ ಕಟಕಟ ನಾಕ್ ಮಾಡುತ್ತದೆ. ಇಲ್ಲಿಗೆಂದು ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಬರುವ ರಂಧ್ರ) ಚಿಕ್ಕದು ಮಾಡಿಸಿದ್ದರೆ ಕೆಳಗೆ ಮಿಶ್ರಣ ತೆಳುವಾಗಿ ಪಿಸ್ಟನ್ ಜಾಮ್ ಆಗುತ್ತದೆ. ಘಾಟಿ ಇಳಿಯುವ ಗಾಡಿಯಾದರೆ ಹೆಡ್ ಮುಟ್ಟದೆ, ಏರ್ ಫಿಲ್ಟರ್ ತೊಳೆದು, ಸೈಲೆನ್ಸರಿನ ಕರಿ ತೆಗೆಸಿ, ಹಿಂದಿನ ಸ್ಪ್ರಾಕೆಟ್‌ಗೆ ಒಂದೆರಡು ಹಲ್ಲು ಹೆಚ್ಚಿಸಿ ನೋಡಿ.