ಪುಸ್ತಕ ಮುಚ್ಚಿ ಓದಿ

ನೀವು ಕೇಳಿದ್ದು ಇದು: ಊರಲ್ಲಿ ಕನ್ನಡ ಮೀಡಿಯಂ ಓದಿ ಬೆಂಗಳೂರಿಗೆ ಬಂದು ಎಂಬಿಬಿಎಸ್ ಸೇರಿದ್ದೀರಿ, ರಾತ್ರಿಯೆಲ್ಲ ಓದಿದರೂ ಇಂಟರ್ನಲ್ಸ್‌ನಲ್ಲಿ (ಕಾಲೇಜೇ ನಡೆಸೋ ಪರೀಕ್ಷೆಗಳಲ್ಲಿ) ಮಾರ್ಕ್ಸ್ ಬರ್ತಿಲ್ಲ, ಏನು ಮಾಡಲಿ? ನಾನೂ ಬೆಂಗಳೂರಲ್ಲೇ ಎಂಬಿಬಿಎಸ್ ಮುಗಿಸಿದವನು. ನೀವು ಬೇಕಾದಷ್ಟು ಓದ್ತಿದ್ದೀರಿ. ಓದಿದ್ದನ್ನು ಬಾಯಿಬಿಟ್ಟು ಹೇಳೋ ಅಭ್ಯಾಸ ಮಾಡಿಕೊಳ್ಳಿ.

ಅನಾಟಮಿಯಲ್ಲಿ ಬ್ರೇಕಿಯಲ್ ಪ್ಲೆಕ್ಸಸ್, ಅಂದರೆ ಕುತ್ತಿಗೆಯಿಂದ ಕೈಗೆ ಹೋಗೋ ನರಗಳ ಜಾಲ, ತಗೊಳ್ಳಿ. ಹೈಲೈಟರ್ ಹಿಡಿದು ನಾಲ್ಕು ಸಲ ಓದಿದರೆ ಎಲ್ಲ ಬಂತು ಅನ್ನಿಸುತ್ತೆ. ಈಗ ಪುಸ್ತಕ ಮುಚ್ಚಿ ಖಾಲಿ ಹಾಳೆ ಮೇಲೆ ಬರೀರಿ. ಬೆನ್ನುಹುರಿಯಿಂದ ಹೊರಡೋ ನರಗಳಲ್ಲಿ ಸಿ5ರಿಂದ ಟಿ1ವರೆಗೆ ಐದು ಬೇರು, ಮೂರು ಟ್ರಂಕ್, ಆರು ಡಿವಿಷನ್, ಮೂರು ಕಾರ್ಡ್, ಕೊನೆಗೆ ಐದು ದೊಡ್ಡ ನರ. ಕಾರ್ಡ್ ಹತ್ತಿರ ಬಂದಾಗ ಪೆನ್ನು ನಿಂತೇ ನಿಲ್ಲುತ್ತೆ. ಅಷ್ಟಕ್ಕೆ ಮಾತ್ರ ಪುಸ್ತಕ ತೆಗೀರಿ. ಆಮೇಲೆ ರೂಮ್‌ಮೇಟ್‌ನ ಕೂರಿಸಿಕೊಂಡು ಪಾಠ ಮಾಡಿ. ತೋಳಿನ ಮೂಳೆ ನಡುವೆ ಮುರಿದರೆ ಕೆಲವರಿಗೆ ಮಣಿಕಟ್ಟು ಯಾಕೆ ಜೋತು ಬೀಳುತ್ತೆ? ಮಣಿಕಟ್ಟು ಎತ್ತೋ ಸ್ನಾಯುಗಳಿಗೆ ಹೋಗೋ ರೇಡಿಯಲ್ ನರ ಆ ಮೂಳೆಯ ಹಿಂಬದಿಗೆ ಅಂಟಿಕೊಂಡಂತೆ ಸುತ್ತಿ ಹೋಗುತ್ತೆ, ಅದಕ್ಕೇ ನರಕ್ಕೂ ಏಟು ಬೀಳುತ್ತೆ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳೋದೂ ಇಂಥದ್ದನ್ನೇ. ಮೊದಲು ಕನ್ನಡದಲ್ಲೇ ಅರ್ಥ ಮಾಡಿಕೊಳ್ಳಿ, ಆಮೇಲೆ ಅದನ್ನೇ ಇಂಗ್ಲಿಷ್‌ನಲ್ಲಿ ಜೋರಾಗಿ ಹೇಳಿ. ರೂಮ್‌ಮೇಟ್ ಬೈದರೆ ಬೈಯಲಿ.

ಶವ ಕೊಯ್ದು ಕಲಿಯೋ ಡಿಸೆಕ್ಷನ್ ಹಾಲ್‌ನಲ್ಲಿ ಹಿಂದೆ ನಿಲ್ಲಬೇಡಿ. ಶವ ಕೆಡದಂತೆ ಹಾಕೋ ಫಾರ್ಮಲಿನ್‌ಗೆ ಕಣ್ಣು ಉರಿಯುತ್ತೆ, ನಿಜ. ಆದರೂ ನರವನ್ನು ಫೋರ್ಸೆಪ್ಸ್‌ನಲ್ಲಿ ನೀವೇ ಎತ್ತಿ ನೋಡಿದರೆ ಅದು ಮರೆಯಲ್ಲ.

ಥಿಯರಿಗೆ ಹಳೇ ಪ್ರಶ್ನೆಪತ್ರಿಕೆ ಹಿಡೀರಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿವಿ ವೆಬ್‌ಸೈಟ್‌ನಲ್ಲೇ ಸಿಗುತ್ತವೆ. 5 ಮಾರ್ಕ್ಸ್ ಪ್ರಶ್ನೆಗೆ ಒಂದು ಚಿತ್ರ, ನಾಲ್ಕೈದು ಹೆಡ್ಡಿಂಗ್, ಕೊನೆಗೆ ಕ್ಲಿನಿಕಲ್ ಆಗಿ ಒಂದೆರಡು ಸಾಲು ಸಾಕು. ಪುಟಗಟ್ಟಲೆ ಗೀಚಿದರೆ ಕೊನೇ ಪ್ರಶ್ನೆಗೆ ಟೈಮ್ ಇರಲ್ಲ. ಒಂದು ಸಬ್ಜೆಕ್ಟ್‌ಗೆ ಒಂದೇ ಪುಸ್ತಕ ಇಟ್ಕೊಳ್ಳಿ. ಅವೆನ್ಯೂ ರೋಡಲ್ಲಿ ಅಗ್ಗಕ್ಕೆ ಸಿಗುತ್ತೆ ಅಂತ ಮೂರು ಮೂರು ಹೊತ್ತು ತರಬೇಡಿ. ಮೊದಲ ವರ್ಷವೇ ನೀಟ್ ಪಿಜಿ (ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ಆ್ಯಪ್‌ಗೆ ದುಡ್ಡು ಸುರಿಯೋದೂ ನನ್ನ ಪ್ರಕಾರ ದಂಡ.

ಕನ್ನಡ ಮೀಡಿಯಂ ಅನ್ನೋ ಅಳುಕು ವಾರ್ಡ್‌ಗೆ ಹೋದ ಮೇಲೆ ತಾನಾಗೇ ಕರಗುತ್ತೆ. ವಿಕ್ಟೋರಿಯಾ, ಬೌರಿಂಗ್‌ನಂಥ ಆಸ್ಪತ್ರೆಗಳಿಗೆ ಸುತ್ತಲ ಜಿಲ್ಲೆಗಳಿಂದ ಜನ ಬರ್ತಾರೆ. "ಅಜ್ಜಿ, ಮೆಟ್ಟಿಲು ಹತ್ತಿದ್ರೆ ದಮ್ಮು ಬರುತ್ತಾ? ರಾತ್ರಿ ಎಷ್ಟು ದಿಂಬು ಇಟ್ಕೊಂಡು ಮಲಗ್ತೀರ? ಕಾಲು ಊದ್ಕೊಳ್ಳುತ್ತಾ?" ಅಂತ ನೀವು ಪಕ್ಕದಲ್ಲಿ ಕೂತು ಕೇಳಿದರೆ ಹಾರ್ಟ್ ಫೇಲ್ಯೂರ್ ಹಿಸ್ಟರಿ (ರೋಗಿಯಿಂದ ಕೇಳಿ ತಿಳಿಯೋ ಕಾಯಿಲೆ ವಿವರ) ಅರ್ಧ ಮುಗಿದ ಹಾಗೆ. ಎಷ್ಟೋ ಇಂಗ್ಲಿಷ್ ಮೀಡಿಯಂ ಟಾಪರ್‌ಗಳು ಅಲ್ಲೇ ತಡವರಿಸ್ತಾರೆ, ಆಗ ನಿಮ್ಮನ್ನೇ ಕರೀತಾರೆ. ಹೋಗಿ, ಅವರ ಕೇಸೂ ನೀವೇ ಕೇಳಿಸ್ಕೊಳ್ಳಿ. ಪುಕ್ಕಟೆ ಪ್ರ್ಯಾಕ್ಟೀಸ್ ಅಲ್ವಾ?

ಇನ್ನು ಅಟೆಂಡೆನ್ಸ್: ಥಿಯರಿಗೆ 75, ಪ್ರಾಕ್ಟಿಕಲ್‌ಗೆ 80 ಪರ್ಸೆಂಟ್ ಇರಲೇಬೇಕು. ಅದು ಕಡಿಮೆಯಾದರೆ ಎಷ್ಟೇ ಓದಿದ್ದರೂ ಪರೀಕ್ಷೆಗೆ ಕೂರಿಸಲ್ಲ. ಹಬ್ಬಕ್ಕೆ ಊರಿಗೆ ಹೊರಡೋ ಮುಂಚೆ ಒಮ್ಮೆ ಲೆಕ್ಕ ಹಾಕ್ಕೊಳ್ಳಿ.