ಬಳ್ಳಾರಿ ಲೋಕಸಭಾ ಕ್ಷೇತ್ರ ನಿಜಕ್ಕೂ ಯಾರ ಕೋಟೆ?

ನಿಮ್ಮ ಪ್ರಶ್ನೆ ಇಷ್ಟು: ಬಳ್ಳಾರಿಯನ್ನು ಕೆಲವರು ಕಾಂಗ್ರೆಸ್ ಕೋಟೆ ಅಂತಾರೆ, ಕೆಲವರು ಬಿಜೆಪಿ ಕೋಟೆ ಅಂತಾರೆ, ಯಾವುದು ಸರಿ, ಮೊದಲಿನಿಂದ ಇಲ್ಲಿ ಯಾರು ಯಾರು ಗೆದ್ದಿದ್ದಾರೆ ಅಂತ.

ನಾನು ಬಳ್ಳಾರಿ ಕೌಲ್ ಬಜಾರಿನವನು. ಮೊದಲ ಸಲ ಓಟು ಹಾಕಿದ್ದು 2004ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಒಂದು ಲೋಕಸಭಾ ಚುನಾವಣೆಯನ್ನೂ ತಪ್ಪಿಸಿಲ್ಲ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. 2000ದವರೆಗೆ ಇದು ಕಾಂಗ್ರೆಸ್ ಕೋಟೆ, ಅದರಲ್ಲಿ ಎರಡು ಮಾತಿಲ್ಲ. ಆಮೇಲೆ ಇದು ಯಾರ ಕೋಟೆಯೂ ಅಲ್ಲ. ಬಿಜೆಪಿ ನಾಲ್ಕು ಸಲ ಗೆದ್ದಿದೆ, ನಿಜ. ಆದರೆ ಗೆಲುವಿನ ಅಂತರ ನೋಡಿದರೆ ಕೋಟೆ ಅನ್ನುವ ಮಾತು ನಿಲ್ಲುವುದಿಲ್ಲ.

1952ರ ಮೊದಲ ಚುನಾವಣೆಯಲ್ಲಿ ಬಳ್ಳಾರಿ ಮದ್ರಾಸ್ ರಾಜ್ಯದಲ್ಲಿತ್ತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋಗಿ, ಉಳಿದ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಹಾಗಾಗಿ ಹಳೇ ಫಲಿತಾಂಶ ಹುಡುಕುವಾಗ ಮೈಸೂರು ರಾಜ್ಯದ ಪಟ್ಟಿಯಲ್ಲಿ ನೋಡಿ ಸಿಗಲಿಲ್ಲ ಅಂತ ಬಿಡಬೇಡಿ. ಮದ್ರಾಸ್ ಪಟ್ಟಿ ತೆಗೆಯಿರಿ. ಸ್ವಾತಂತ್ರ್ಯ ಹೋರಾಟಗಾರ ಟೇಕೂರು ಸುಬ್ರಹ್ಮಣ್ಯಂ ಅಲ್ಲಿ ಸಿಗುತ್ತಾರೆ. 1957 ಮತ್ತು 1962ರಲ್ಲೂ ಅವರದ್ದೇ ಗೆಲುವು.

1967 ಮತ್ತು 1971ರಲ್ಲಿ ಗೆದ್ದವರು ವಿ.ಕೆ.ಆರ್.ವಿ. ರಾವ್. ದೊಡ್ಡ ಅರ್ಥಶಾಸ್ತ್ರಜ್ಞರು, ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದವರು, ಕೇಂದ್ರದಲ್ಲಿ ಮಂತ್ರಿಯೂ ಆದರು. ನಮ್ಮೂರಿನ ಹುಡುಗರಿಗೆ ಇವರು ಬಳ್ಳಾರಿ ಎಂಪಿ ಆಗಿದ್ದರು ಅಂದರೆ ನಂಬುವುದೇ ಇಲ್ಲ. 1977ರಲ್ಲಿ ಕೆ.ಎಸ್. ವೀರಭದ್ರಪ್ಪ, 1980ರಲ್ಲಿ ಸಂಡೂರಿನ ಘೋರ್ಪಡೆ ಮನೆತನದ ಆರ್.ವೈ. ಘೋರ್ಪಡೆ. 1984, 1989, 1991 ಮೂರೂ ಸಲ ಬಸವರಾಜೇಶ್ವರಿ. ಬಳ್ಳಾರಿಯಿಂದ ಲೋಕಸಭೆಗೆ ಹೋದ ಮೊದಲ ಹೆಣ್ಣುಮಗಳು ಅವರು. ನರಸಿಂಹ ರಾವ್ ಸರ್ಕಾರದಲ್ಲಿ ರಾಜ್ಯ ಸಚಿವೆಯಾಗಿದ್ದರು. 1999ರಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ನಿಂತಾಗ ಇಬ್ಬರು ಮಹಿಳೆಯರ ಜಿದ್ದಾಜಿದ್ದಿ ಅಂತ ದೇಶವೆಲ್ಲಾ ಬೆರಗಾಗಿ ನೋಡಿತು. ನಮಗೆ ಅದು ಹೊಸದೇನಲ್ಲ, ಅಷ್ಟೊತ್ತಿಗೆ ಮೂರು ಸಲ ಹೆಣ್ಣುಮಗಳನ್ನು ಕಳಿಸಿ ಆಗಿತ್ತು.

ಈ ಕೋಟೆ ಎಷ್ಟು ಗಟ್ಟಿಯಿತ್ತು ಅಂತ ತಿಳಿಯಬೇಕಾದರೆ 1977 ನೋಡಬೇಡಿ. ತುರ್ತು ಪರಿಸ್ಥಿತಿ ಮುಗಿದ ಆ ಚುನಾವಣೆಯಲ್ಲಿ ಕರ್ನಾಟಕದ 28ರಲ್ಲಿ 26 ಕಡೆ ಕಾಂಗ್ರೆಸ್ಸೇ ಗೆದ್ದಿತ್ತು, ಬಳ್ಳಾರಿಯದು ವಿಶೇಷ ಅಲ್ಲ. 1996 ನೋಡಿ. ಜನತಾದಳದ ಅಲೆಯಲ್ಲಿ ಕಾಂಗ್ರೆಸ್ ಇಡೀ ರಾಜ್ಯದಲ್ಲಿ ಉಳಿಸಿಕೊಂಡಿದ್ದು ಬರೀ 5 ಸ್ಥಾನ. ಆ ಐದರಲ್ಲಿ ಬಳ್ಳಾರಿ ಒಂದು. ಕೆ.ಸಿ. ಕೊಂಡಯ್ಯ ಗೆದ್ದರು, 1998ರಲ್ಲೂ ಅವರೇ. ಸೋನಿಯಾ ಗಾಂಧಿಯವರಿಗೆ ಮರುವರ್ಷ ಈ ಕ್ಷೇತ್ರವನ್ನೇ ಆರಿಸಿದ್ದು ಸುಮ್ನೆ ಅಲ್ಲ. 1978ರಲ್ಲಿ ಇಂದಿರಾ ಗಾಂಧಿಯವರಿಗೆ ಚಿಕ್ಕಮಗಳೂರು ಇದ್ದ ಹಾಗೆ, 1999ರಲ್ಲಿ ಸೊಸೆಗೆ ಬಳ್ಳಾರಿ.

ಆಗ ನನಗೆ ಹದಿಮೂರು ವರ್ಷ. ಸೋನಿಯಾ ಆಂಧ್ರದ ಕಡಪದಿಂದ ನಿಲ್ಲುತ್ತಾರೆ ಅಂತ ಸುದ್ದಿ ಇತ್ತು. ಕೊನೇ ಗಳಿಗೆಯಲ್ಲಿ ಬಳ್ಳಾರಿ ಅಂತ ಗೊತ್ತಾಯಿತು. ಬಿಜೆಪಿಯಿಂದ ಸುಷ್ಮಾ ಸ್ವರಾಜ್ ಓಡೋಡಿ ಬಂದು ನಾಮಪತ್ರ ಹಾಕಿದರು. ಅವರ ಒಂದು ಸಭೆಗೆ ಅಪ್ಪ ನನ್ನನ್ನು ಸೈಕಲ್ಲಿನಲ್ಲಿ ಕರೆದುಕೊಂಡು ಹೋಗಿದ್ದರು. ಜನ ಜಾಸ್ತಿ ಇದ್ದರು, ಏನೂ ಕಾಣುತ್ತಿರಲಿಲ್ಲ. ಸೈಕಲ್ ಕ್ಯಾರಿಯರ್ ಮೇಲೆ ನಿಂತು, ಅಪ್ಪನ ಹೆಗಲು ಹಿಡಿದುಕೊಂಡು ನೋಡಿದೆ. ಹರಿಯಾಣದ ಆ ಹೆಣ್ಣುಮಗಳು ಕನ್ನಡದಲ್ಲಿ ಮಾತಾಡಿದರು. ಪ್ರಚಾರಕ್ಕೆ ಸಿಕ್ಕಿದ್ದ ಸ್ವಲ್ಪವೇ ದಿನಗಳಲ್ಲಿ ಕಲಿತ ಕನ್ನಡ. ನಮ್ಮ ಪಕ್ಕ ನಿಂತಿದ್ದ ಒಬ್ಬ ಅಜ್ಜಿ, ತಲೆ ಮೇಲೆ ಸೆರಗು ಹೊದ್ದವಳು, "ಈಕಿ ನಮ್ಮ ಮಾತು ಆಡ್ತಾಳಲ್ಲೋ ತಮ್ಮಾ" ಅಂತ ಅಪ್ಪನ ತೋಳು ಹಿಡಿದು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ನಮ್ಮೂರಲ್ಲಿ ಮನೆಯೊಳಗೆ ತೆಲುಗು, ಹೊರಗೆ ಕನ್ನಡ, ಬಜಾರಿನಲ್ಲಿ ಉರ್ದು. ಅಂಥ ಊರಿನವರಿಗೆ ಯಾರು ಯಾವ ಮಾತಿನಲ್ಲಿ ಮಾತಾಡಿಸುತ್ತಾರೆ ಅನ್ನುವುದು ಬೇಗ ಮನಸ್ಸಿಗೆ ತಾಗುತ್ತದೆ.

ಆದರೂ ಗೆದ್ದಿದ್ದು ಸೋನಿಯಾ. 4,14,650 ಮತಕ್ಕೆ ಎದುರಾಗಿ ಸುಷ್ಮಾ ಅವರಿಗೆ 3,58,550. ಅಂತರ 56,100. ಕೋಟೆಯಲ್ಲಿ ಬಿರುಕು ಬಿಟ್ಟಿದ್ದು ಇಲ್ಲೇ ಅಂತ ನನ್ನ ಲೆಕ್ಕ. ಪಕ್ಷದ ಅಧ್ಯಕ್ಷೆಯೇ ಬಂದು ನಿಂತರೂ, ಹೊರಗಿನಿಂದ ದಿಢೀರ್ ಬಂದ ಎದುರಾಳಿಗೆ ಮೂರೂವರೆ ಲಕ್ಷಕ್ಕೂ ಹೆಚ್ಚು ಮತ ಬಿತ್ತು. ಸೋನಿಯಾ ಅಮೇಥಿ ಉಳಿಸಿಕೊಂಡು ಬಳ್ಳಾರಿ ಬಿಟ್ಟುಕೊಟ್ಟರು. ಕಾನೂನಿನ ಪ್ರಕಾರ ಎರಡರಲ್ಲಿ ಒಂದು ಬಿಡಲೇಬೇಕಿತ್ತು, ಗೊತ್ತು. ಆದರೆ ಓಟು ಹಾಕಿದವರಿಗೆ ನೋವಾಯಿತು. ನಮ್ಮ ಅಪ್ಪ ಕೈ ಗುರುತಿಗೇ ಹಾಕಿದವರು, ಅವರೂ ತುಂಬಾ ದಿನ ಬೇಜಾರು ಮಾಡಿಕೊಂಡಿದ್ದರು. ಸೋತ ಸುಷ್ಮಾ ಮಾತ್ರ ಎಷ್ಟೋ ವರ್ಷ ವರಮಹಾಲಕ್ಷ್ಮಿ ಪೂಜೆಗೆ ಬಳ್ಳಾರಿಗೆ ಬರುತ್ತಿದ್ದರು.

2000ದ ಉಪಚುನಾವಣೆಯನ್ನು ಎಲ್ಲರೂ ಮರೆಯುತ್ತಾರೆ. ಅದರಲ್ಲಿ ಕಾಂಗ್ರೆಸ್ಸಿನ ಕೋಳೂರು ಬಸವನಗೌಡ ಗೆದ್ದರು. ಅಲ್ಲಿಗೆ ಸತತ 14 ಗೆಲುವು. ಅಲ್ಲಿಗೇ ಆ ಸರಣಿ ಮುಗಿಯಿತು.

2004ರಲ್ಲಿ ಬಿಜೆಪಿಯ ಜಿ. ಕರುಣಾಕರ ರೆಡ್ಡಿ ಗೆದ್ದರು. ಇದೇ ಹೊತ್ತಿಗೆ ಚೀನಾದಿಂದ ಬೇಡಿಕೆ ಬಂದು ಕಬ್ಬಿಣದ ಅದಿರಿಗೆ ಬಂಗಾರದ ಬೆಲೆ. ಸಂಡೂರು, ಹೊಸಪೇಟೆ ರಸ್ತೆಯಲ್ಲಿ ಅದಿರಿನ ಲಾರಿಗಳ ಸಾಲು, ಬಿಳಿ ಅಂಗಿ ಹಾಕಿಕೊಂಡು ಹೋದರೆ ಸಂಜೆಗೆ ಕೆಂಪು. 2008ರಲ್ಲಿ ರಾಜ್ಯದಲ್ಲೂ ಬಿಜೆಪಿ ಸರ್ಕಾರ ಬಂತು, ಬಳ್ಳಾರಿಯವರೇ ಮಂತ್ರಿಗಳು. ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. 2009ರಲ್ಲಿ ಆ ಮಂತ್ರಿಗಳಲ್ಲಿ ಒಬ್ಬರಾದ ಬಿ. ಶ್ರೀರಾಮುಲು ಅವರ ತಂಗಿ ಜೆ. ಶಾಂತಾ ಬಿಜೆಪಿಯಿಂದ ನಿಂತರು. ಅಧಿಕಾರ, ಹಣ, ಮಂತ್ರಿಗಿರಿ ಎಲ್ಲಾ ತುತ್ತತುದಿಯಲ್ಲಿದ್ದಾಗ ಗೆದ್ದ ಅಂತರ ಎಷ್ಟು ಗೊತ್ತಾ? 2,243 ಮತ. ಬಿಜೆಪಿ ಕೋಟೆ ಅನ್ನುವವರಿಗೆ ನಾನು ಯಾವಾಗಲೂ ಹೇಳುವುದು ಈ ಒಂದು ಅಂಕಿ.

2014ರಲ್ಲಿ ಶ್ರೀರಾಮುಲು 85,144 ಮತಗಳಿಂದ ಗೆದ್ದರು. 2018ರಲ್ಲಿ ಮೊಳಕಾಲ್ಮೂರಿನಿಂದ ಶಾಸಕರಾಗಿ ಲೋಕಸಭೆಗೆ ರಾಜೀನಾಮೆ ಕೊಟ್ಟರು. ನವೆಂಬರ್ 3ಕ್ಕೆ ಉಪಚುನಾವಣೆ, 6ಕ್ಕೆ ಎಣಿಕೆ. ಅವತ್ತು ನರಕ ಚತುರ್ದಶಿ. ನಾನು ಎಣ್ಣೆ ಸ್ನಾನ ಮುಗಿಸಿ ತಿಂಡಿಗೆ ವಗ್ಗಾಣಿ-ಮಿರ್ಚಿ ಅಂಗಡಿಗೆ ಹೋದರೆ ಯಾರೂ ತಿನ್ನುತ್ತಿಲ್ಲ, ಎಲ್ಲರ ಕಣ್ಣೂ ಮೂಲೆಯ ಟಿವಿ ಮೇಲೆ. ಅಂಗಡಿಯವರು ಬಾಣಲೆಯಲ್ಲಿ ಮಿರ್ಚಿ ಬಿಟ್ಟು, ಜಾಲರಿ ಸೌಟು ಕೈಯಲ್ಲೇ ಹಿಡಿದು ನಿಂತಿದ್ದರು. ಕಾಂಗ್ರೆಸ್ಸಿನ ವಿ.ಎಸ್. ಉಗ್ರಪ್ಪ ಗೆದ್ದಿದ್ದು 2,43,161 ಮತಗಳಿಂದ. ಅವರು ತುಮಕೂರು ಕಡೆಯವರು, ಸೋತಿದ್ದು ಇಲ್ಲಿನವರೇ ಆದ ಶಾಂತಾ. ಆರು ತಿಂಗಳೂ ಆಗಿರಲಿಲ್ಲ, 2019ರ ಏಪ್ರಿಲ್‌ನಲ್ಲಿ ಅದೇ ಉಗ್ರಪ್ಪ ಬಿಜೆಪಿಯ ವೈ. ದೇವೇಂದ್ರಪ್ಪ ಅವರ ಎದುರು 55,707 ಮತಗಳಿಂದ ಸೋತರು. ಅದೇ ಜನ, ಅದೇ ಬೂತು. ಇಂಥ ಕ್ಷೇತ್ರವನ್ನು ಕೋಟೆ ಅನ್ನುವುದಾದರೂ ಹೇಗೆ, ಅಲ್ವಾ?

2024ರಲ್ಲಿ ಸಂಡೂರು ಶಾಸಕರಾಗಿದ್ದ ಕಾಂಗ್ರೆಸ್ಸಿನ ಇ. ತುಕಾರಾಂ 98,992 ಮತಗಳಿಂದ ಗೆದ್ದರು. ಸೋತವರು ಶ್ರೀರಾಮುಲು ಅವರೇ.

ಇನ್ನೊಂದು ವಿಷಯ, ಹೊರಗಿನವರು ಯಾವಾಗಲೂ ತಪ್ಪುವುದು ಇಲ್ಲೇ. ಜಿಲ್ಲೆ ಬೇರೆ, ಕ್ಷೇತ್ರ ಬೇರೆ. 2008ರ ಪುನರ್ವಿಂಗಡಣೆಯಲ್ಲಿ ವಿಧಾನಸಭಾ ಕ್ಷೇತ್ರಗಳ ಗಡಿ ಬದಲಾಯಿತು. ಕುರುಗೋಡು ಹೋಯಿತು, ಕಂಪ್ಲಿ ಬಂತು. ಈಗ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ: ಬಳ್ಳಾರಿ ನಗರ, ಬಳ್ಳಾರಿ ಗ್ರಾಮೀಣ, ಕಂಪ್ಲಿ, ಸಂಡೂರು, ವಿಜಯನಗರ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ. ಇದರಲ್ಲಿ ಕೊನೆಯ ನಾಲ್ಕು 2021ರಲ್ಲಿ ಆದ ವಿಜಯನಗರ ಜಿಲ್ಲೆಯಲ್ಲಿವೆ. ಹಾಗಾಗಿ 1999ರ ಅಂಕಿಯನ್ನು 2024ರ ಅಂಕಿ ಪಕ್ಕ ಇಟ್ಟು ಮತ ಏರಿತು, ಇಳಿಯಿತು ಅಂತ ನೇರವಾಗಿ ಲೆಕ್ಕ ಹಾಕಬೇಡಿ. ಹೋಲಿಸಲೇಬೇಕಾದರೆ 2009ರಿಂದ ಈಚಿನದ್ದನ್ನು ಹೋಲಿಸಿ.

ನಮ್ಮ ಅಕ್ಕನನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದೇವೆ. ಸಿರುಗುಪ್ಪ ಇರುವುದು ಬಳ್ಳಾರಿ ಜಿಲ್ಲೆಯಲ್ಲೇ. ಡಿಸಿ ಆಫೀಸಿನ ಕೆಲಸ ಇದ್ದರೆ ಭಾವ ಬೆಳಿಗ್ಗೆ ಬಸ್ ಹಿಡಿದು ಇಲ್ಲಿಗೇ ಬರುತ್ತಾರೆ, ಮಧ್ಯಾಹ್ನ ನಮ್ಮ ಮನೆಯಲ್ಲೇ ಊಟ. ಆದರೆ ಓಟು ಹಾಕುವುದು ಮಾತ್ರ ಕೊಪ್ಪಳ ಎಂಪಿಗೆ. ಪ್ರತಿ ಚುನಾವಣೆಯಲ್ಲೂ ಅಕ್ಕ ಫೋನ್ ಮಾಡಿ, "ನಿಮ್ಮಲ್ಲಿ ಯಾರೋ, ನಮ್ಮಲ್ಲಿ ಇವರು" ಅಂತ ಬೇರೆಯೇ ಹೆಸರು ಹೇಳುತ್ತಾಳೆ.