ಮಳೆಗಾಲದ ಕುದುರೆಮುಖಕ್ಕೆ ಎಂಥ ಜಾಕೆಟ್?

ಜುಲೈನಲ್ಲಿ ಕುದುರೆಮುಖ ಹತ್ತೋಕೆ ಹಗುರವಾದ, ಒಳಗೆ ಬೆವರು ನಿಲ್ಲದ ಜಾಕೆಟ್ ಬೇಕು, ನೀರು ತಡೆಯೋ ಮಟ್ಟ 10,000 ಎಂಎಂ ಸಾಕಾ, 20,000ದ್ದೇ ತಗೋಬೇಕಾ ಅಂತ ಕೇಳಿದ್ದೀರಿ. 10,000 ಧಾರಾಳವಾಗಿ ಸಾಕು. ಅಂದ್ರೆ ಬಟ್ಟೆ ಮೇಲೆ 10 ಮೀಟರ್ ನೀರು ನಿಂತಷ್ಟು ಒತ್ತಡ ತಡೆಯುತ್ತೆ ಅಂತ. ನೀರು ಹೆಚ್ಚಾಗಿ ನುಗ್ಗೋದು ಹೊಲಿಗೆಯಿಂದ, ಜಿಪ್‌ನಿಂದ. ಅಂಗಡಿಯಲ್ಲೇ ಜಾಕೆಟಿನ ಒಳಮೈ ಹೊರಗೆ ಮಾಡಿ ನೋಡಿ, ಭುಜ, ಟೋಪಿ, ಕಂಕುಳು, ಎಲ್ಲ ಹೊಲಿಗೆ ಮೇಲೂ ಟೇಪ್ ಅಂಟಿಸಿರಬೇಕು.

ಬೆವರಿನ ಕಥೆ ಬೇರೆ. ಒಳಗಿನ ಆವಿ ಬಟ್ಟೆ ದಾಟಿ ಹೋಗೋಕೆ ಹೊರಗಿನ ಗಾಳಿ ಒಣಗಿರಬೇಕು. ನಮ್ಮ ಘಟ್ಟದಲ್ಲಿ ಜುಲೈ ತಿಂಗಳು ಒಣ ಗಾಳಿ ಎಲ್ಲಿಂದ ತರ್ತೀರಿ? ನಾನು ಮೊದಲ ಸಲ ದುಬಾರಿ ಜಾಕೆಟ್ ಹಾಕ್ಕೊಂಡು ಹೋಗಿ, ಹತ್ತೋ ದಾರಿಯಲ್ಲಿ ಸಿಗೋ ಒಂಟಿಮರ ತಲುಪೋ ಹೊತ್ತಿಗೆ ಒಳಗಿನ ಕಾಟನ್ ಅಂಗಿ ಹಿಂಡಿದರೆ ನೀರು ಸುರೀತಿತ್ತು. ಮಳೆನೀರಲ್ಲ, ಉಪ್ಪುಪ್ಪು! ಅದಕ್ಕೇ ಕಂಕುಳಲ್ಲಿ ಜಿಪ್ ಇರೋದನ್ನೇ ತಗೊಳ್ಳಿ. ಏರು ಬಂದಾಗ ತೆರೆದುಬಿಡಿ. ಒಳಗೆ ಕಾಟನ್ ಬೇಡ, ಬೇಗ ಒಣಗೋ ಟೀಶರ್ಟ್ ಹಾಕಿ.

ಹೊರಮೈ ಮೇಲೆ ನೀರು ಕೆಸುವಿನ ಎಲೆ ಮೇಲಿನ ಹಾಗೆ ಉರುಳಬೇಕು. ಹಾಗೆ ನೀರು ಜಾರಿಸೋ ಲೇಪ ಹೋದರೆ ಬಟ್ಟೆ ನೆಂದು ಭಾರವಾಗಿ, ಒಳಗಿನ ಆವಿ ಅಷ್ಟಿಷ್ಟು ಹೊರಹೋಗೋದೂ ನಿಲ್ಲುತ್ತೆ. ಒಗೆಯುವಾಗ ಫ್ಯಾಬ್ರಿಕ್ ಕಂಡೀಷನರ್ ಮುಟ್ಟಿಸಬೇಡಿ.

ತೂಕ 300 ಗ್ರಾಂ ಆಸುಪಾಸು ಇದ್ದರೆ ಒಳ್ಳೇದು. ತೀರಾ ತೆಳ್ಳಗಿದ್ದರೆ ಬ್ಯಾಗಿನ ಪಟ್ಟಿ ಉಜ್ಜಿ ಭುಜದ ಹತ್ತಿರ ಸವೆಯುತ್ತೆ. ಕೊಳ್ಳೋ ಮುಂಚೆ ಬ್ಯಾಗ್ ಹಾಕ್ಕೊಂಡು ಎರಡೂ ಕೈ ಎತ್ತಿ ನೋಡಿ, ಸೊಂಟ ಕಂಡರೆ ಒಂದು ಸೈಜ್ ದೊಡ್ಡದು ತಗೊಳ್ಳಿ.